ಬೈಕ್ ನಡುಗಿದ ಕೂಡಲೇ ಇಂಜಿನ್ ಬಿಚ್ಚಬೇಕಿಲ್ಲ

ಬೈಕ್ ಜಾಸ್ತಿ ನಡುಗಿದರೆ ಕ್ರ್ಯಾಂಕ್ ಬೇರಿಂಗ್ (ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡದ ಬೇರಿಂಗ್) ಹೋಗಿದೆ ಅಂತಲೇ ಅರ್ಥ, ಇಂಜಿನ್ ಬಿಚ್ಚಿಸಿ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ. ಬೇರಿಂಗ್ ಹೋದರೂ ನಡುಗುತ್ತದೆ, ನಿಜ. ಆದರೆ ಅದು ಕೊನೆಗೆ ನೋಡಬೇಕಾದದ್ದು.

ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಡಿ. ಅದೇ ನಡುಕ ಬಂದರೆ ಇಂಜಿನ್ ಕಡೆಯದು. ಖಾಲಿ ನೇರ ರಸ್ತೆಯಲ್ಲಿ ಹೋಗುವಾಗ ಕ್ಲಚ್ ಹಿಡಿದು, ಆಕ್ಸಿಲರೇಟರ್ ಬಿಟ್ಟು ಇಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ವೇಗಕ್ಕೆ, ಇಳಿದ ಮೇಲೂ ನಡುಕ ಹಾಗೇ ಇದ್ದರೆ ಟೈರ್, ರಿಮ್, ಚಕ್ರದ ಬೇರಿಂಗ್ ನೋಡಿ. ಇಂಜಿನ್ ಪಾಪ, ಸುಮ್ನೆ ಬೈಸಿಕೊಳ್ಳುತ್ತಿದೆ. ಆಕ್ಸಿಲರೇಟರ್ ಕೊಟ್ಟು ಗಾಡಿ ಎಳೆಯುವಾಗ ಮಾತ್ರ ಜರ್ಕ್ ಹೊಡೆದರೆ ಚೈನ್, ಅದು ಓಡುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಮೇಲೆ ಅನುಮಾನ.

ಇಂಜಿನ್ ಕಡೆಯದೇ ಅಂತಾದರೂ ಮೊದಲು ಇಂಜಿನ್ ಅನ್ನು ಫ್ರೇಮ್‌ಗೆ ಹಿಡಿದಿಡುವ ಮೌಂಟಿಂಗ್ ಬೋಲ್ಟ್ ನೋಡಿ. ಒಂದು ಸಡಿಲವಾದರೂ ಫುಟ್‌ಪೆಗ್, ಹ್ಯಾಂಡಲ್, ಟ್ಯಾಂಕ್ ಎಲ್ಲಾ ಗುಂಯ್ ಅನ್ನುತ್ತವೆ. ಕೈಬಲಕ್ಕೆ ಬಿಗಿಯಬೇಡಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಕೊಡಿ. ಆಮೇಲೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್. ಅಂದಹಾಗೆ ಸಿಂಗಲ್ ಸಿಲಿಂಡರ್ ಬೈಕ್ ಯಾವುದೋ ಒಂದು ಇಂಜಿನ್ ವೇಗದಲ್ಲಿ (ಆರ್‌ಪಿಎಂ) ಸ್ವಲ್ಪ ನಡುಗುವುದು ಸಹಜ ಅಲ್ವಾ? ಹೊಸದಾಗಿ ಶುರುವಾದ ನಡುಕದ್ದೇ ಚಿಂತೆ.

ನಡುಕದ ಜೊತೆ ಒಳಗಿಂದ ಟಕಟಕ ಸದ್ದು, ಆಯಿಲ್‌ನಲ್ಲಿ ಲೋಹದ ಚೂರು ಕಂಡರೆ ಮಾತ್ರ ಗಾಡಿ ಓಡಿಸಬೇಡಿ, ಆಗ ಬಿಚ್ಚಿಸಿ ನೋಡಲೇಬೇಕು.