ಮೊದಲು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ

2015ರಲ್ಲಿ ಜೋಡಿಸಿಕೊಂಡ ನನ್ನ ಕಂಪ್ಯೂಟರಿನಲ್ಲಿ ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್ ಮತ್ತು ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್ ಇದ್ದವು. ಈಚಿನ ಆಟಗಳು ಅದರಲ್ಲಿ ಮುಗ್ಗರಿಸತೊಡಗಿದ್ದರಿಂದ, ಹನ್ನೆರಡು ಸಾವಿರ ರೂಪಾಯಿಯೊಳಗೆ ಅದಕ್ಕೊಂದು ದಾರಿ ಹುಡುಕಲು ಹೊರಟೆ. ಬಳ್ಳಾರಿಯ ಅಂಗಡಿಯೊಂದರಲ್ಲಿ ಕೇಳಿದಾಗ, ಪೆಟ್ಟಿಗೆಯೊಳಗೆ ಬೇರೇನಿದೆ ಎಂದು ವಿಚಾರಿಸದೆಯೇ, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕಾರ್ಡ್ ಹಾಕಿಸಿಬಿಡಿ ಎಂದರು. ನಮ್ಮಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಂಥ ಸಲಹೆಯಿಂದಲೇ ಎಂಬುದು ನನ್ನ ಅಭಿಪ್ರಾಯ.

ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿ, ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನು ಓದಿದೆ. ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಕೆಳಗಿನ ಪುಟ್ಟ ಕೋಷ್ಟಕದಲ್ಲಿ ಮಾತ್ರ 12 ವೋಲ್ಟ್ ಸಾಲಿಗೆ 16 ಆಂಪಿಯರ್ ಎಂದು ಬರೆದಿತ್ತು. ಎರಡನ್ನೂ ಗುಣಿಸಿದರೆ ಬರುವುದು 192 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ವಿದ್ಯುತ್ ಹರಿಯುವುದು ಮುಖ್ಯವಾಗಿ ಈ 12 ವೋಲ್ಟ್ ತಂತಿಗಳಿಂದಲೇ. ಆರ್‌ಎಕ್ಸ್ 580 ಒಂದಕ್ಕೇ 185 ವ್ಯಾಟ್, ಪ್ರೊಸೆಸರಿಗೆ 84 ವ್ಯಾಟ್ ಬೇಕು. ಪಿನ್ ಹೊಂದದಿದ್ದರೆ ಕನೆಕ್ಟರ್ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಪಿನ್ ಹೊಂದಬಹುದು, ಇಲ್ಲದ ವಿದ್ಯುತ್ತನ್ನು ಎಲ್ಲಿಂದ ತರುವುದು?

ಹಾಗಾಗಿ ಮೊದಲು ಒಳ್ಳೆಯ ಎಸ್‌ಎಂಪಿಎಸ್ ತಂದೆ; ಆಮೇಲೆ, ಮದರ್‌ಬೋರ್ಡಿನ ಸ್ಲಾಟಿನಿಂದಲೇ 75 ವ್ಯಾಟ್ ಪಡೆದು ನಡೆಯುವ ಜಿಟಿಎಕ್ಸ್ 1650 ಕಾರ್ಡನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅದು ಆರ್‌ಎಕ್ಸ್ 580ರಷ್ಟು ಬಲಶಾಲಿಯಲ್ಲ, ಮೆಮೊರಿಯೂ 4 ಜಿಬಿ ಮಾತ್ರ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಕಡಿಮೆ ಕಾಯುವ ಕಾರ್ಡೇ ಮೇಲು.

ಕಾವಿನ ಮಾತು ಬಂದಿದ್ದರಿಂದ ಹೇಳುತ್ತೇನೆ: ಪ್ರೊಸೆಸರಿನ ಫ್ಯಾನ್ ತೆಗೆದಾಗ ಅದರಡಿ ಕಾವು ಹೀರುವ ಲೋಹದ ಹೀಟ್‌ಸಿಂಕಿನ ಸಂದುಗಳೇ ಕಾಣಲಿಲ್ಲ. ನಮ್ಮೂರಿನ ಕೆಂಧೂಳು ಅಲ್ಲಿ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು, ಪ್ರೊಸೆಸರಿನ ಕಾವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಉಗುರಿಗೆ ಸುಣ್ಣದಂತೆ ಉದುರುತ್ತಿತ್ತು. ಬ್ರಶ್ಶಿನಿಂದ ತೆಗೆದು ಹೊಸ ಪೇಸ್ಟ್ ಹಚ್ಚಿದ ಮೇಲೆ, ಆಟದ ನಡುವೆ 88 ಡಿಗ್ರಿಗೆ ಏರುತ್ತಿದ್ದ ಪ್ರೊಸೆಸರ್ 71ಕ್ಕೆ ಇಳಿಯಿತು. ಇಷ್ಟಕ್ಕೆ ತಗುಲಿದ್ದು ಪೇಸ್ಟಿನ ಬೆಲೆ ಮತ್ತು ಒಂದು ಭಾನುವಾರದ ಬೆಳಗು.

ರ್‍ಯಾಮ್ ಒಂದೇ ಸ್ಲಾಟಿನಲ್ಲಿತ್ತು. ಇನ್ನೊಂದರಲ್ಲಿ ಅಂಥದ್ದೇ 8 ಜಿಬಿ ಡಿಡಿಆರ್3 ಕೂರಿಸಿದೆ. ಒಟ್ಟು 16 ಜಿಬಿ ಆಗುವುದರ ಜೊತೆಗೆ ರ್‍ಯಾಮಿಗೂ ಪ್ರೊಸೆಸರಿಗೂ ನಡುವೆ ಮಾಹಿತಿ ಸಾಗಿಸುವ ಎರಡು ಚಾನೆಲ್‌ಗಳೂ ಕೆಲಸಕ್ಕೆ ಬಂದವು. ಮಾಹಿತಿಯನ್ನು ಬೇಗ ಓದಿಕೊಡುವ ಎಸ್‌ಎಸ್‌ಡಿ ಡ್ರೈವನ್ನೂ ಹಾಕಿದೆ; ಅದರಿಂದ ಆಟದಲ್ಲಿ ಸೆಕೆಂಡಿಗೆ ಮೂಡುವ ಫ್ರೇಮುಗಳೇನೂ ಹೆಚ್ಚಲಿಲ್ಲ, ಆಟ ತೆರೆದುಕೊಳ್ಳುವವರೆಗೆ ಚಹಾ ಕುಡಿದು ಬರುವ ಅಭ್ಯಾಸವೊಂದು ತಪ್ಪಿತು.

ಇದೇ ಸಾಕೆಟ್ಟಿಗೆ ಕೂರುವ ಐ7-4770 ಹಾಕಿಸಬಹುದಿತ್ತಲ್ಲ ಎಂದು ಗೆಳೆಯರು ಕೇಳುತ್ತಾರೆ. ಅದರ ಎಂಟು ಥ್ರೆಡ್‌ಗಳಿಂದ, ಅಂದರೆ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳಿಂದ, ಲಾಭವಿರುವುದು ನಿಜ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಷ್ಟು ಹಳೆಯ ಪ್ರೊಸೆಸರುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ನಾಳೆ ಮದರ್‌ಬೋರ್ಡ್ ಬದಲಿಸಿದರೆ ಆ ಐ7 ಅದರೊಂದಿಗೇ ಮೂಲೆಗೆ ಹೋಗುತ್ತದೆ. ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಕಾರ್ಡ್ ಮೂರನ್ನೂ ಬಿಚ್ಚಿ ಹೊಸ ಪೆಟ್ಟಿಗೆಗೆ ಹಾಕಿಕೊಳ್ಳಬಹುದು.