ಹುಡುಗನ ತೋಳು ಆಮೇಲೆ ನೋಡಿ, ಮೊದಲು ಕೋಚ್ ಕೂತಿರೋ ಕುರ್ಚಿ ನೋಡಿ

2023ರಲ್ಲಿ ಅಮ್ಮ ಹಾಸನದಿಂದ ಬಂದು ಶಾರ್ಲೆಟ್‌ನಲ್ಲಿ ನಮ್ಮ ಜೊತೆ ಕೆಲವು ತಿಂಗಳು ಇದ್ದರು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನಾನು ಟಿವಿಯಲ್ಲಿ ಇಲ್ಲಿನ ಫುಟ್‌ಬಾಲ್ ತಂಡ ಪ್ಯಾಂಥರ್ಸ್ ಆಟ ಹಾಕಿಕೊಂಡು ಕೂತರೆ ಅವರು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ನೋಡೋರು. ಅಮೆರಿಕನ್ ಫುಟ್‌ಬಾಲ್‌ನ ಒಂದು ನಿಯಮವೂ ಅವರಿಗೆ ಗೊತ್ತಿಲ್ಲ. ಆದರೂ ಮೂರನೇ ವಾರಕ್ಕೇ ಕೇಳಿದರು: "ಆ ಒಂಬತ್ತನೇ ನಂಬರ್ ಹುಡುಗನ್ನೇ ಯಾಕೋ ಎಲ್ಲಾ ಸೇರ್ಕೊಂಡು ಕೆಡವ್ತಾರೆ? ಮುಂದೆ ನಿಂತಿರೋ ಆ ದಾಂಡಿಗರು ಏನ್ ಮಾಡ್ತಿದಾರೆ?"

ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತ ಮಾಜಿ ಆಟಗಾರರು ವಾರಗಟ್ಟಲೆ ಚರ್ಚೆ ಮಾಡಿದರೂ ಈ ಎರಡು ಪ್ರಶ್ನೆ ದಾಟಿ ಬಹಳ ದೂರ ಹೋಗಲಿಲ್ಲ. ಒಂಬತ್ತನೇ ನಂಬರಿನ ಆ ಹುಡುಗ ಬ್ರೈಸ್ ಯಂಗ್, ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸೋನು. ಕಾಲೇಜು ಹುಡುಗರನ್ನ ತಂಡಗಳು ಸರದಿಯಂತೆ ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ, ಆ ವರ್ಷದ ಡ್ರಾಫ್ಟ್‌ನಲ್ಲಿ ಅವನು ಇಡೀ ದೇಶಕ್ಕೆ ಮೊದಲ ಆಯ್ಕೆ. ಚೆಂಡು ಎಸೆಯೋ ಮೊದಲೇ ಎದುರಾಳಿ ಬಂದು ಕೆಡವಿದರೆ ಅದಕ್ಕೆ ಸ್ಯಾಕ್ ಅಂತಾರೆ. ಮೊದಲ ವರ್ಷದಲ್ಲೇ ಅವನು 62 ಸಲ ಸ್ಯಾಕ್ ಆದ. ತಂಡ ಆಡಿದ 17ರಲ್ಲಿ ಗೆದ್ದದ್ದು ಎರಡು.

ಪ್ರತಿ ಆಗಸ್ಟ್ ಬಂದರೆ ಇಲ್ಲಿ ಅದೇ ಜಗಳ. ಕಾಲೇಜಿನಿಂದ ಈಗಷ್ಟೇ ಬಂದ ಕ್ವಾರ್ಟರ್‌ಬ್ಯಾಕನ್ನು ಮೊದಲ ದಿನವೇ ಕಣಕ್ಕಿಳಿಸಬೇಕೋ, ಒಂದು ವರ್ಷ ಬೆಂಚಿನ ಮೇಲೆ ಕೂರಿಸಿ ಕಲಿಸಬೇಕೋ? ನನ್ನ ಆಫೀಸಿನಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ನನಗೆ ಇತ್ತೀಚೆಗೆ ಈ ಪ್ರಶ್ನೆಯೇ ತಪ್ಪು ಅನ್ನಿಸ್ತಿದೆ. ಹುಡುಗ ಸಿದ್ಧನಿದ್ದಾನಾ ಅಂತ ಎಲ್ಲರೂ ಕೇಳ್ತಾರೆ. ಅವನನ್ನು ಆಡಿಸೋ ಕೋಚ್ ಮುಂದಿನ ವರ್ಷ ಅದೇ ಕುರ್ಚಿಯಲ್ಲಿ ಇರ್ತಾರಾ ಅಂತ ಯಾರೂ ಕೇಳಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದರ ಕಷ್ಟ ಬೇಗ ಅರ್ಥವಾಗಲ್ಲ. 1996ರಲ್ಲಿ ಲಾರ್ಡ್ಸ್‌ನಲ್ಲಿ ನಮ್ಮ ದ್ರಾವಿಡ್ ಮೊದಲ ಟೆಸ್ಟ್ ಆಡಿದಾಗ ಏಳನೇ ಕ್ರಮಾಂಕದಲ್ಲಿ ಬಂದು 95 ಹೊಡೆದರು. ಕ್ರಿಕೆಟ್‌ನಲ್ಲಿ ಹೊಸಬನಿಗೆ ಕೊಡೋಕೆ ಏಳನೇ ಕ್ರಮಾಂಕ ಅಂತ ಒಂದಿದೆ. ಕ್ವಾರ್ಟರ್‌ಬ್ಯಾಕ್‌ಗೆ ಅದಿಲ್ಲ. ಆಕ್ರಮಣದ ಪ್ರತಿ ಸರದಿಯಲ್ಲೂ ಚೆಂಡು ಅವನ ಕೈಗೇ ಬರುತ್ತೆ, ಆಟ ಅಲ್ಲಿಂದಲೇ ಶುರು.

ಅದೂ ಎಷ್ಟು ಹೊತ್ತಿನಲ್ಲಿ! ಒಂದು ಸರದಿ ಮುಗಿದು ಇನ್ನೊಂದು ಶುರುವಾಗೋಕೆ 40 ಸೆಕೆಂಡ್. ಹೆಲ್ಮೆಟ್ ಒಳಗಿನ ರೇಡಿಯೋದಲ್ಲಿ ಕೋಚ್ ಮಾತಾಡಬಹುದು, ಆದರೆ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್. ಅಷ್ಟರೊಳಗೆ ಮಗ್ಗಿಯಷ್ಟು ಉದ್ದದ ಒಂದು ಆದೇಶ ಕೇಳಿಸಿಕೊಂಡು, ತನಗಿಂತ ಹತ್ತು ವರ್ಷ ದೊಡ್ಡವರಿಗೆ ಅದನ್ನ ತಪ್ಪಿಲ್ಲದೆ ಒಪ್ಪಿಸಬೇಕು. ಆಮೇಲೆ ಎದುರು ನಿಂತ 11 ಜನರಲ್ಲಿ ಯಾರು ನುಗ್ತಾರೆ, ಯಾರು ಹಿಂದೆ ಸರೀತಾರೆ ಅಂತ ಒಬ್ಬನೇ ಲೆಕ್ಕ ಹಾಕಬೇಕು. ಎಷ್ಟೋ ಕಾಲೇಜುಗಳಲ್ಲಿ ಹುಡುಗರು ಗೆರೆಯಾಚೆ ನಿಂತವರ ಕೈಸನ್ನೆ, ಚಿತ್ರದ ಹಲಗೆ ನೋಡಿಕೊಂಡು ಆಡಿ ಬಂದಿರ್ತಾರೆ. ಇಲ್ಲಿ ಬಂದಮೇಲೆ ಭಾಷೆಯೇ ಬೇರೆ.

ಹಾಗಾದರೆ ಕೂರಿಸಿ ಕಲಿಸೋದೇ ಸರಿಯಲ್ವಾ ಅಂತೀರಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಬೆಂಚಿನ ಮೇಲೆ ಕೂತವನಿಗೆ ಕಲಿಸೋಕೆ ಸಮಯವೇ ಇಲ್ಲ. 2011ರಲ್ಲಿ ಆಟಗಾರರ ಸಂಘಕ್ಕೂ ಮಾಲೀಕರಿಗೂ ಆದ ಒಪ್ಪಂದದ ನಂತರ, ಪ್ಯಾಡ್ ಕಟ್ಟಿ ಮಾಡೋ ಅಭ್ಯಾಸ ಇಡೀ ಋತುವಿಗೆ 14 ದಿನಕ್ಕೆ ಇಳಿಯಿತು. ಇರೋ ಅಭ್ಯಾಸವೆಲ್ಲ ಭಾನುವಾರ ಆಡೋನಿಗೇ ಹೋಗುತ್ತೆ. ಎರಡನೆಯವನು ಏನು ಮಾಡ್ತಾನೆ ಗೊತ್ತಾ? ಮುಂದಿನ ವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ವೇಷ ಹಾಕಿ, ಅವರ ಆಟವನ್ನ ನಕಲು ಮಾಡ್ತಾನೆ, ತನ್ನ ತಂಡದ ರಕ್ಷಣೆಯವರಿಗೆ ಅಭ್ಯಾಸ ಆಗಲಿ ಅಂತ. ತನ್ನ ಪಾಠ ಬಿಟ್ಟು ಪಕ್ಕದ ಶಾಲೆಯ ಪಾಠ ಬಾಯಿಪಾಠ ಮಾಡಿದ ಹಾಗೆ.

ದುಡ್ಡಿನ ಲೆಕ್ಕವೂ ಅದೇ ಒಪ್ಪಂದದಿಂದ ತಲೆಕೆಳಗಾಯಿತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ, ಅದರಲ್ಲಿ 5 ಕೋಟಿ ಖಾತ್ರಿ. ಮರುವರ್ಷ ನಮ್ಮ ಪ್ಯಾಂಥರ್ಸ್ ಮೊದಲ ಆಯ್ಕೆಯಾಗಿ ತಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಅಂದರೆ ಒಳ್ಳೆ ಹುಡುಗ ಸಿಕ್ಕಿಬಿಟ್ಟರೆ ನಾಲ್ಕು ವರ್ಷ ಅಗ್ಗ, ಉಳಿದ ದುಡ್ಡಲ್ಲಿ ಸುತ್ತ ಒಳ್ಳೆ ತಂಡ ಕಟ್ಟಬಹುದು. ಅವನನ್ನ ಬೆಂಚಿನಲ್ಲಿ ಕೂರಿಸಿದ ಒಂದೊಂದು ವರ್ಷವೂ ಮಾಲೀಕನ ಕಣ್ಣಿಗೆ ನಷ್ಟ. ಇದೆಲ್ಲ ನೋಡಿದ ಮೇಲೆ ಹುಡುಗ ಬೇಗ ಆಡೋದು ಅನಿವಾರ್ಯ ಅಂತ ನಾನು ಒಪ್ಪಿಕೊಂಡಿದ್ದೇನೆ.

ಈಗ ಕುರ್ಚಿಯ ವಿಷಯಕ್ಕೆ ಬರ್ತೀನಿ. ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಅವಕಾಶ. ಲಕ್ಷಣವಾದ ಸೊಸೆಯನ್ನ ಸೂರು ಸೋರುವ ಮನೆಗೇ ತರಬೇಕು ಅಂತ ನಿಯಮ ಮಾಡಿದ ಹಾಗೆ. ಅಂಥ ಮನೆಯಲ್ಲಿ ಕೋಚ್‌ಗೆ ಕೆಲಸ ಉಳಿಯೋ ನಂಬಿಕೆ ಇರಲ್ಲ. ಈ ವಾರ ಗೆಲ್ಲದಿದ್ದರೆ ಮನೆಗೆ ಕಳಿಸ್ತಾರೆ ಅನ್ನೋ ಭಯದಲ್ಲಿರೋ ಮನುಷ್ಯ, ಮೂರು ವರ್ಷದ ನಂತರ ಫಲ ಕೊಡೋ ಗಿಡಕ್ಕೆ ನೀರು ಹಾಕ್ತಾನಾ?

ನಮ್ಮ ಯಂಗ್ ಕಥೆಯನ್ನೇ ತಗೊಳ್ಳಿ. ಅವನಿಗೋಸ್ಕರ ನಾವು ಶಿಕಾಗೋ ಬೇರ್ಸ್‌ಗೆ ಕೊಟ್ಟದ್ದು ಆ ವರ್ಷದ ಒಂಬತ್ತನೇ ಆಯ್ಕೆ, ಒಂದು ಎರಡನೇ ಸುತ್ತಿನ ಆಯ್ಕೆ, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಸಾಲದ್ದಕ್ಕೆ ನಮ್ಮ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್. ಚೆಂಡು ಎಸೆಯೋಕೆ ಹುಡುಗನ್ನ ತಂದು, ಹಿಡಿಯೋನನ್ನ ಮಾರಿದೆವು! ಮುಂದಿನ ಸರದಿಯಲ್ಲಿ ಏನು ಆಡಬೇಕು ಅಂತ ರೇಡಿಯೋದಲ್ಲಿ ಹೇಳೋ ಕೆಲಸ ಮೊದಲು ಮುಖ್ಯ ಕೋಚ್ ಫ್ರಾಂಕ್ ರೈಕ್ ಅವರದ್ದು. ಋತುವಿನ ಮಧ್ಯೆ ಅದನ್ನ ಆಕ್ರಮಣದ ಕೋಚ್ ಥಾಮಸ್ ಬ್ರೌನ್‌ಗೆ ಬಿಟ್ಟುಕೊಟ್ಟರು. ಮೂರು ಆಟ ಆದಮೇಲೆ ವಾಪಸ್ ಕಿತ್ತುಕೊಂಡರು. ನವೆಂಬರ್ ಕೊನೆಗೆ, 11ರಲ್ಲಿ ಒಂದೇ ಗೆಲುವಿದ್ದಾಗ, ಮಾಲೀಕರು ರೈಕ್ ಅವರನ್ನೇ ತೆಗೆದರು. ಕೆಲಸ ಮತ್ತೆ ಬ್ರೌನ್‌ಗೆ. 22 ವರ್ಷದ ಹುಡುಗನ ಕಿವಿಯಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ದನಿ ಬದಲಾಯಿತು.

ಇನ್ನೂ ಚಂದ ಮುಂದಿದೆ. ನಾವು ಅಷ್ಟು ಸೋತ ಕಾರಣಕ್ಕೆ, ನಾವೇ ಬೇರ್ಸ್‌ಗೆ ಕೊಟ್ಟಿದ್ದ ಆ 2024ರ ಆಯ್ಕೆ ದೇಶದ ಮೊದಲನೆಯದಾಯಿತು. ಅದರಲ್ಲಿ ಅವರು ಕೇಲೆಬ್ ವಿಲಿಯಮ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ತಂದರು. ತಂದು ಏನು ಮಾಡಿದರು? ನಮ್ಮ ತಪ್ಪನ್ನೇ ಜೆರಾಕ್ಸ್ ಮಾಡಿದರು. ಕುರ್ಚಿ ಅಲುಗಾಡುತ್ತಿದ್ದ ಮ್ಯಾಟ್ ಎಬರ್‌ಫ್ಲೂಸ್ ಅವರನ್ನೇ ಕೋಚ್ ಆಗಿ ಉಳಿಸಿಕೊಂಡು, ನವೆಂಬರ್‌ನಲ್ಲಿ ಮೊದಲು ಆಕ್ರಮಣದ ಕೋಚನ್ನ, ಮೂರೇ ವಾರದೊಳಗೆ ಎಬರ್‌ಫ್ಲೂಸ್ ಅವರನ್ನೂ ತೆಗೆದರು. ಅವರ ಜಾಗಕ್ಕೆ ಹಂಗಾಮಿಯಾಗಿ ಬಂದವರು ಯಾರು ಗೊತ್ತಾ? ಅದೇ ಥಾಮಸ್ ಬ್ರೌನ್! ಪಾಪ, ಆ ಮನುಷ್ಯನ ಜಾತಕವೇ ಹಾಗೆ ಇರಬೇಕು. ವಿಲಿಯಮ್ಸ್ ಆ ವರ್ಷ 68 ಸಲ ನೆಲಕ್ಕೆ ಬಿದ್ದ. ಮರುವರ್ಷ ಬೆನ್ ಜಾನ್ಸನ್ ಹೊಸ ಕೋಚ್ ಆಗಿ ಬಂದರು, ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಅವನನ್ನ ಕಾಯೋ ಐವರ ಲೈನಿನಲ್ಲಿ ನಡುವಿನ ಮೂರೂ ಜಾಗಕ್ಕೆ ಹೊಸಬರನ್ನ ತಂದರು, ಅದೇ ಹುಡುಗ ತಂಡವನ್ನ ತಮ್ಮ ಗುಂಪಿನ (ಡಿವಿಷನ್) ಗೆಲುವಿಗೆ ಕರೆದೊಯ್ದ.

ಬೇರ್ಸ್‌ಗೆ ಇದು ಹೊಸದೂ ಅಲ್ಲ. 2021ರಲ್ಲಿ ಅವರ ಹೊಸ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ ಮೊದಲ ಸಲ ಆಟ ಆರಂಭಿಸಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ. ಒಂಬತ್ತು ಸ್ಯಾಕ್. ಸ್ಯಾಕ್‌ನಲ್ಲಿ ಕಳೆದದ್ದನ್ನ ಕಳೆದರೆ ಎಸೆತದಿಂದ ತಂಡ ಗಳಿಸಿದ್ದು ಒಂದು ಗಜ. ಹೌದು, ಒಂದು! ಅವನ ಕೋಚ್ ಕೂಡ ಆ ಋತು ಮುಗಿಯುತ್ತಲೇ ಮನೆಗೆ.

ಜೇರೆಡ್ ಗಾಫ್ ನೆನಪಿದೆಯಾ? 2016ರ ಮೊದಲ ಆಯ್ಕೆ. ರ‍್ಯಾಮ್ಸ್ ಅವನನ್ನ ನವೆಂಬರ್‌ವರೆಗೆ ಕೂರಿಸಿತ್ತು. "ಕೂರಿಸಿ ಕಲಿಸಿ" ಅನ್ನೋರ ಸಲಹೆಯಂತೆಯೇ ಆಯಿತು. ಆಮೇಲೆ ಆರಂಭಿಸಿದ ಏಳೂ ಆಟ ಸೋತ. ಮಧ್ಯದಲ್ಲೇ ಕೋಚ್ ಜೆಫ್ ಫಿಷರ್ ಹೋದರು. ಗಾಫ್ ಕೈಲಾಗದವನು ಅಂತ ಎಲ್ಲರೂ ಷರಾ ಬರೆದಾಯಿತು. ಮರುವರ್ಷ ಇನ್ನೂ 30ರ ಹರೆಯದ ಶಾನ್ ಮೆಕ್‌ವೇ ಬಂದರು. ಲೈನಿನ ಎಡತುದಿ ಕಾಯೋಕೆ ಆ್ಯಂಡ್ರೂ ವಿಟ್‌ವರ್ತ್ ಅನ್ನೋ ಹಳೇ ಹುಲಿಯನ್ನ ಕರೆತಂದರು. ಅದೇ ಗಾಫ್, ತಂಡಕ್ಕೆ 11 ಗೆಲುವು 5 ಸೋಲು. ಅದರ ಮರುವರ್ಷ ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋದರು.

ಇದಕ್ಕೆ ತದ್ವಿರುದ್ಧ 1998ರ ಪೇಟನ್ ಮ್ಯಾನಿಂಗ್. ಮೊದಲ ದಿನದಿಂದ ಎಲ್ಲಾ 16 ಆಟ ಆಡಿದ. 28 ಸಲ ಚೆಂಡನ್ನ ಎದುರಾಳಿ ಕೈಗೆ ಎಸೆದ. ರೂಕಿಯೊಬ್ಬ, ಅಂದರೆ ಮೊದಲ ವರ್ಷದ ಆಟಗಾರ, ಮಾಡಿದ ದಾಖಲೆ ಅದು. ತಂಡ ಗೆದ್ದದ್ದು ಮೂರೇ. ಆದರೆ ಇನ್ನೊಂದು ಸಂಖ್ಯೆಯನ್ನ ಜನ ಮರೀತಾರೆ. ಆ ಇಡೀ ವರ್ಷ ಅವನು ಸ್ಯಾಕ್ ಆದದ್ದು 22 ಸಲ ಮಾತ್ರ. ಎದ್ದು ನಿಂತು ತಪ್ಪು ಮಾಡೋಕೆ ಅವನಿಗೆ ಬಿಡುವಿತ್ತು. ಮುಖ್ಯ ಕೋಚ್ ಜಿಮ್ ಮೋರಾ ಕೂಡ ಅದೇ ವರ್ಷ ಬಂದವರು, ಮೂರು ಗೆಲುವಿಗೆ ಯಾರೂ ಅವರನ್ನ ಹೊರಗೆ ಹಾಕಲಿಲ್ಲ. ಆಕ್ರಮಣದ ಕೋಚ್ ಟಾಮ್ ಮೂರ್ ಅಂತೂ ಹತ್ತು ವರ್ಷದ ಮೇಲೂ ಅಲ್ಲೇ ಇದ್ದರು. ಎರಡನೇ ವರ್ಷ 13 ಗೆಲುವು, 3 ಸೋಲು. ತಪ್ಪು ಮಾಡಿ ಕಲಿಯೋದು ಬೇರೆ, ಏಟು ತಿಂದು ಬೆದರೋದು ಬೇರೆ.

ಇತ್ತೀಚಿನವರಲ್ಲಿ ಹ್ಯೂಸ್ಟನ್‌ನ ಸಿ.ಜೆ. ಸ್ಟ್ರೌಡ್, ವಾಷಿಂಗ್ಟನ್‌ನ ಜೇಡನ್ ಡೇನಿಯಲ್ಸ್ ಇಬ್ಬರೂ ಎರಡನೇ ಆಯ್ಕೆಗಳು, ಇಬ್ಬರೂ ಮೊದಲ ದಿನವೇ ಆಡಿದವರು, ಇಬ್ಬರ ಕೋಚೂ ಅದೇ ವರ್ಷ ಹೊಸದಾಗಿ ಬಂದವರು. ಹುಡುಗ ಸೋತರೆ ತಾವೂ ಸೋಲ್ತೀವಿ, ಹುಡುಗ ಬೆಳೆದರೆ ತಾವೂ ಬೆಳೀತೀವಿ ಅನ್ನೋ ಲೆಕ್ಕ ಅವರದ್ದು. ಸ್ಟ್ರೌಡ್ ಮೊದಲ ವರ್ಷದಲ್ಲೇ 4,108 ಗಜ, 23 ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೆಗೆರೆ ದಾಟಿಸೋದು), 5 ಇಂಟರ್ಸೆಪ್ಷನ್ (ಚೆಂಡು ಎದುರಾಳಿ ಕೈಗೆ ಹೋಗೋದು). ಯಂಗ್ ಹಿಂದೆಯೇ ಆಯ್ಕೆಯಾದವನು ಅವನು. ನಮ್ಮೂರ ಅಭಿಮಾನಿಗಳ ಮುಂದೆ ಆ ಹೆಸರು ಎತ್ತಬೇಡಿ ದಯವಿಟ್ಟು.

ಕುರ್ಚಿ ಗಟ್ಟಿಯಾಗಿದ್ದರೆ ಎಲ್ಲಾ ಸರಿಹೋಗುತ್ತೆ ಅಂತಲ್ಲ. 2002ರಲ್ಲಿ ಹ್ಯೂಸ್ಟನ್ ತಂಡವೇ ಹೊಸದಾಗಿ ಹುಟ್ಟಿದಾಗ ಡೇವಿಡ್ ಕಾರ್ ಬಂದ. ಕೋಚ್ ಡಾಮ್ ಕೇಪರ್ಸ್ ನಾಲ್ಕು ವರ್ಷ ಇದ್ದರು. ಆದರೆ ಮುಂದೆ ಗೋಡೆಯೇ ಇರಲಿಲ್ಲ. ಮೊದಲ ವರ್ಷ 76 ಸ್ಯಾಕ್, ಲೀಗಿನ ದಾಖಲೆ. ಆ ಹುಡುಗ ಆಮೇಲೆ ಎಂದೂ ಸರಿಯಾಗಿ ಸುಧಾರಿಸಿಕೊಳ್ಳಲಿಲ್ಲ. ಅಮ್ಮ ಕೇಳಿದ ಎರಡನೇ ಪ್ರಶ್ನೆ ಅಲ್ಲಿಗೆ.

ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಒಂದು ವರ್ಷ ಕೂತ, ನೋಡಿ ಹೇಗಾದ ಅಂತ ಹೇಳೋರು ಬಹಳ. ಹೌದು, 2017ರಲ್ಲಿ ಅವನು ಆರಂಭಿಸಿದ್ದು ಕೊನೆಯ ಒಂದೇ ಆಟ. ಮರುವರ್ಷ 50 ಟಚ್‌ಡೌನ್ ಎಸೆದ. ಆದರೆ ಕ್ಯಾನ್ಸಸ್ ಸಿಟಿ ಅವನು ಬರೋ ಮೊದಲೇ, 2016ರಲ್ಲಿ, 12 ಆಟ ಗೆದ್ದ ತಂಡ. ಕೋಚ್ ಆ್ಯಂಡಿ ರೀಡ್. ಮುಂದೆ ಆಡುತ್ತಿದ್ದ ಅಲೆಕ್ಸ್ ಸ್ಮಿತ್ 2017ರಲ್ಲಿ, ಎಸೆತ ಎಷ್ಟು ಚೆನ್ನಾಗಿದೆ ಅಂತ ಅಳೆಯೋ ಪಾಸರ್ ರೇಟಿಂಗ್‌ನಲ್ಲಿ, ಲೀಗಿಗೇ ಮೊದಲಿಗ. ಉಂಡು ತೇಗಿದ ಮನೆಯವರು ಉಪವಾಸದ ಮಹಿಮೆ ಹೇಳಬಹುದು. ಅಂದಹಾಗೆ ಆ ಸ್ಮಿತ್ 2005ರ ಮೊದಲ ಆಯ್ಕೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ವರ್ಷ ಒಂದು ಟಚ್‌ಡೌನ್, 11 ಇಂಟರ್ಸೆಪ್ಷನ್. ಅವಸರದಲ್ಲಿ ಕಣಕ್ಕಿಳಿದರೆ ಏನಾಗುತ್ತೆ ಅಂತ ಅನುಭವಿಸಿದವನ ಪಕ್ಕದಲ್ಲಿ ಕೂತು ಕಲಿಯೋ ಯೋಗ ಮಹೋಮ್ಸ್‌ಗೆ ಸಿಕ್ಕಿತು.

ನನ್ನದೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಂಡುಬಿಡ್ತೀನಿ. 2024ರಲ್ಲಿ ಹೊಸ ಕೋಚ್ ಡೇವ್ ಕನಾಲಿಸ್ ಎರಡೇ ಆಟಕ್ಕೆ ಯಂಗ್‌ನನ್ನ ಬೆಂಚಿಗೆ ಕಳಿಸಿ ಆ್ಯಂಡಿ ಡಾಲ್ಟನ್‌ನನ್ನ ಇಳಿಸಿದಾಗ, ಇದೇ ಪುಟದಲ್ಲಿ ನಾನು ಉದ್ದುದ್ದ ಬೈದು ಬರೆದಿದ್ದೆ. ಹುಡುಗನ ಕಥೆ ಮುಗೀತು, ಇನ್ನು ಬೇರೆ ಊರಿಗೆ ಮಾರ್ತಾರೆ ಅಂದಿದ್ದೆ. ಅಕ್ಟೋಬರ್‌ನಲ್ಲಿ ಡಾಲ್ಟನ್‌ಗೆ ಕಾರು ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟಾಗಿ ಯಂಗ್ ಮತ್ತೆ ಬಂದ. ಬಂದವನು ಬೇರೆಯೇ ಆಟಗಾರ. ಕೊನೆಯ ಆಟದಲ್ಲಿ ಅಟ್ಲಾಂಟಾ ವಿರುದ್ಧ ಮೂರು ಟಚ್‌ಡೌನ್ ಎಸೆದು, ಎರಡು ತಾನೇ ಓಡಿ ಗಳಿಸಿ, ಹೆಚ್ಚುವರಿ ಸಮಯದಲ್ಲಿ 44-38ರಲ್ಲಿ ಗೆಲ್ಲಿಸಿದ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಈಗ ಯಾರೂ ಕೆಡವ್ತಿಲ್ವಾ?" ಅಂತ ಕೇಳಿದರು. ಕಡಿಮೆ ಆಗಿದೆ ಅಮ್ಮ ಅಂದೆ. ನಿಜವಾಗಿಯೂ 2024ರ ಮಾರ್ಚ್‌ನಲ್ಲೇ ತಂಡದವರು ರಾಬರ್ಟ್ ಹಂಟ್‌ಗೆ ಐದು ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟು, ಡೇಮಿಯನ್ ಲೂಯಿಸ್‌ನನ್ನೂ ಸೇರಿಸಿ, ಲೈನಿನ ಎರಡು ಗಾರ್ಡ್ ಜಾಗ ಗಟ್ಟಿ ಮಾಡಿದ್ದರು.

ಆ ಬೆಂಚು ಯಾಕೆ ಕೆಲಸ ಮಾಡಿತು ಅಂತ ಬಹಳ ಯೋಚಿಸಿದೆ. ಕೂರಿಸಿದವರೂ ಕನಾಲಿಸ್, ಮತ್ತೆ ಎಬ್ಬಿಸಿದವರೂ ಕನಾಲಿಸ್. ಮಧ್ಯೆ ಮಾಲೀಕರು ಯಾರನ್ನೂ ಬದಲಾಯಿಸಲಿಲ್ಲ. ಬೆಂಚಿನಿಂದ ನೋಡಿದ ಆಟವೂ, ಎದ್ದು ಬಂದು ಆಡಿದ ಆಟವೂ ಒಂದೇ ಪುಸ್ತಕದ್ದು. ಗಾಫ್ ಕೂತಿದ್ದು ಹಾಗಲ್ಲ, ಪುಸ್ತಕ ಬರೆದವರೇ ಮಧ್ಯದಲ್ಲಿ ಎದ್ದು ಹೋದರು.

ಸ್ಯಾಮ್ ಡಾರ್ನಾಲ್ಡ್ ಕಥೆಯೂ ಇದೇ ಜಾತಿಯದು. ಜೆಟ್ಸ್ 2018ರಲ್ಲಿ ಮೂರನೇ ಆಯ್ಕೆಯಾಗಿ ತಂದು ಮೊದಲ ದಿನವೇ ಇಳಿಸಿತು, ವರ್ಷ ಮುಗಿಯುತ್ತಲೇ ಕೋಚನ್ನ ಬದಲಾಯಿಸಿತು. ಮರುವರ್ಷ ಪೇಟ್ರಿಯಟ್ಸ್ ವಿರುದ್ಧ 33-0 ಸೋಲುವಾಗ ಬೆಂಚಿನಲ್ಲಿ ಕೂತು "ನನಗೆ ದೆವ್ವಗಳು ಕಾಣ್ತಿವೆ" ಅಂದದ್ದು ಟಿವಿ ಮೈಕಿನಲ್ಲಿ ಇಡೀ ದೇಶಕ್ಕೆ ಕೇಳಿಸಿತು. ಜನ ವರ್ಷಗಟ್ಟಲೆ ನಕ್ಕರು. ಶಾರ್ಲೆಟ್‌ಗೂ ಬಂದ, ಇಲ್ಲಿಯೂ ನಕ್ಕೆವು. 2024ರಲ್ಲಿ ಮಿನ್ನೆಸೋಟಾದಲ್ಲಿ ಅವನೇ 14 ಆಟ ಗೆಲ್ಲಿಸಿದ.

ಹಾಗಾಗಿ ಮುಂದಿನ ಏಪ್ರಿಲ್‌ನಲ್ಲಿ ನಿಮ್ಮ ತಂಡ ಹೊಸ ಹುಡುಗನ ಕೈಗೆ ಜೆರ್ಸಿ ಕೊಟ್ಟಾಗ ಅವನ 40 ಗಜದ ಓಟ, ಅಂಗೈ ಅಳತೆ ನೋಡಿ ಕುಣಿಯೋ ಮೊದಲು, ಕೋಚ್ ಬಂದು ಎಷ್ಟು ವರ್ಷ ಆಯಿತು ನೋಡಿ. ಎಡತುದಿ ಕಾಯೋನು ಯಾರು ನೋಡಿ. ಕೋಚ್ ಮೂರನೇ ವರ್ಷದ ಸೋಲಿನಲ್ಲಿದ್ದರೆ ಹುಡುಗನ್ನ ಅವರ ಕೈಗೆ ಕೊಡಲೇಬಾರದು. ಮೊದಲು ಕೋಚ್ ಬದಲಾಗಲಿ, ಆಮೇಲೆ ಡ್ರಾಫ್ಟ್. ಇಬ್ಬರೂ ಒಟ್ಟಿಗೆ ಬಂದರೆ ಸೆಪ್ಟೆಂಬರ್‌ನಲ್ಲೇ ಆಡಿಸಲಿ, ಎರಡು ವರ್ಷ ಯಾರೂ ಮುಟ್ಟದಿರಲಿ. ಮೊದಲ ವರ್ಷ ಮೂರೇ ಆಟ ಗೆದ್ದರೂ ಪರವಾಗಿಲ್ಲ, ಸ್ಯಾಕ್ ಲೆಕ್ಕ 50 ದಾಟಿದರೆ ಮಾತ್ರ ನನಗೆ ಫೋನ್ ಮಾಡಿ, ಕೂತು ಒಟ್ಟಿಗೆ ಬೈಯೋಣ.

ಗ್ರೀನ್ ಬೇ ಅಭಿಮಾನಿಗಳು ಈಗ ಕೆಳಗೆ ಬಂದು "ರಾಡ್ಜರ್ಸ್ ಮೂರು ವರ್ಷ ಕೂತ, ಜೋರ್ಡನ್ ಲವ್ ಮೂರು ವರ್ಷ ಕೂತ" ಅಂತ ಬರೀತೀರಿ, ಗೊತ್ತು. 1992ರಿಂದ 2022ರವರೆಗೆ ಬ್ರೆಟ್ ಫಾವ್ರ್, ರಾಡ್ಜರ್ಸ್ ಅಂತ ಇಬ್ಬರೇ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಸಂಸಾರ ನಡೆಸಿದ ಪುಣ್ಯವಂತರು ನೀವು. ನಿಮ್ಮ ಜೊತೆ ನಾನು ವಾದಕ್ಕೆ ಬರಲ್ಲ.