ಅಳಿಯನ ಸೋಪು

ನಮ್ಮ ರಸ್ತೆ ತಿರುವಿನಲ್ಲಿ ಹೊಸ ಕಾಫಿ ಅಂಗಡಿಯೊಂದು ಬಂದಿದೆ. ಬೋರ್ಡಿನ ಮೇಲೆ ಹೆಸರು, ಅದರ ಕೆಳಗೆ ಓರೆ ಅಕ್ಷರದಲ್ಲಿ ‘ಸಿನ್ಸ್ 2023’. ನಿಂತು ಎರಡು ಸಲ ಓದಿದೆ. ನಮ್ಮ ಬಚ್ಚಲುಮನೆಯ ಪ್ಲಾಸ್ಟಿಕ್ ಚೊಂಬು ಅದಕ್ಕಿಂತ ಹಿರಿಯದು. ಅದರ ಮೇಲೆ ನಾವು ಏನೂ ಬರೆಸಿಲ್ಲ.

ಒಳಗೆ ಹೋದರೆ ಗೋಡೆ ತುಂಬ ಹಿತ್ತಾಳೆ ಪಾತ್ರೆ, ಮೂಲೆಯಲ್ಲಿ ಹಾಡದ ಒಂದು ರೇಡಿಯೋ. ಎಲ್ಲವೂ ಹಳೆಯವು, ಬೇರೆ ಯಾರದೋ ಮನೆಯವು. ಕಾಫಿ ಚೆನ್ನಾಗಿಯೇ ಇತ್ತು, ಅದೇ ಇನ್ನೂ ಸಿಟ್ಟು ತರಿಸಿತು.

ನನ್ನ ಪ್ರಕಾರ ಸಿನ್ಸ್ ಅಂತ ಬರೆಸೋಕೆ ಒಂದು ಅರ್ಹತೆ ಬೇಕು. ಕನಿಷ್ಠ ಒಂದು ಯುದ್ಧ, ಒಂದು ಎಮರ್ಜೆನ್ಸಿ, ನಾಲ್ಕಾರು ಆಸ್ತಿ ಜಗಳ ದಾಟಿರಬೇಕು. ಎಂ.ಟಿ.ಆರ್.ನವರು ಬರೆಸಲಿ. 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ನಾವೇ ಅನ್ನುತ್ತಾರೆ. ಎಮರ್ಜೆನ್ಸಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿ ಅಂದಾಗ, ಅಡುಗೆ ಕೆಡಿಸಲ್ಲ ಅಂತ ಹಠ ಹಿಡಿದು, ಇವತ್ತು ಇಷ್ಟು ನಷ್ಟ ಅಂತ ದಿನಾ ಬೋರ್ಡಿಗೆ ಬರೆದು ಹಾಕಿ, ಕೊನೆಗೆ ಹೋಟೆಲ್ ಬಾಗಿಲು ಹಾಕಿಕೊಂಡು ಪುಡಿ ಮಾರೋಕೆ ಹೊರಟರು. ಬಾಗಿಲು ಮತ್ತೆ ತೆರೆಯಿತು, ಪುಡಿಯೂ ನಡೆಯಿತು. ಆ ಪುಡಿ ಕಂಪನಿಯನ್ನು 2007ರಲ್ಲಿ ನಾರ್ವೆಯವರು ಕೊಂಡುಕೊಂಡರು. ನಮ್ಮ ಮನೆ ಸಾರಿನ ಯಜಮಾನರು ಈಗ ಹಿಮದ ಮೇಲೆ ನಡೆಯುವ ಜನ. ಇರಲಿ, ಸಾರು ಕುದಿಯುತ್ತಿದೆ.

ನೂರು ದಾಟಿದವರೆಲ್ಲ ಉಳಿದೇ ಉಳಿಯುತ್ತಾರೆ ಅಂತಲೂ ಇಲ್ಲ. ನಮ್ಮ ಅಪ್ಪನ ಸಂಬಳ ಬರುತ್ತಿದ್ದ ಮೈಸೂರು ಬ್ಯಾಂಕ್ ಹುಟ್ಟಿದ್ದು 1913ರಲ್ಲಿ, ಸ್ಟೇಟ್ ಬ್ಯಾಂಕ್ ಒಳಗೆ ಸೇರಿಹೋಗಿದ್ದು 2017ರ ಏಪ್ರಿಲ್ ಒಂದನೇ ತಾರೀಕು. ಶತಮಾನ ಪೂರೈಸಿ ನಾಲ್ಕು ವರ್ಷಕ್ಕೆ. ಬೆಂಗಳೂರಿನಲ್ಲಿ ಆ ಸರ್ಕಲ್ಲಿಗೆ ಜನ ಇವತ್ತಿಗೂ ಮೈಸೂರು ಬ್ಯಾಂಕ್ ಅಂತಲೇ ಆಟೋ ಕರೆಯುತ್ತಾರೆ.

ನಾನು ಹೇಳಬೇಕಿದ್ದು ಸೋಪಿನ ವಿಷಯ. ಮೈಸೂರ್ ಸ್ಯಾಂಡಲ್. ಅದು ಏನು ಅಂತ ಹೇಳೋ ಅಗತ್ಯ ಇಲ್ಲ, ಅಲ್ವಾ? ಮೊದಲನೇ ಮಹಾಯುದ್ಧದಿಂದ ಹೊರದೇಶಕ್ಕೆ ಹೋಗಬೇಕಿದ್ದ ಗಂಧದ ಮರ ಇಲ್ಲೇ ರಾಶಿ ಬಿತ್ತು. ಅದಕ್ಕೇ 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ತೆಗೆಯೋ ಕಾರ್ಖಾನೆ ಮಾಡಿದರು, ಎರಡು ವರ್ಷಕ್ಕೆ ಬೆಂಗಳೂರಿನಲ್ಲಿ ಸೋಪು ಬಂತು. ಅಂದರೆ ಮಾರಾಟವಾಗದೆ ಉಳಿದ ಸರಕಿನಿಂದ ಹುಟ್ಟಿದ್ದು. ಪೊಟ್ಟಣದ ಮೇಲೆ ಸಿಂಹದ ಮೈ, ಆನೆಯ ತಲೆಯ ಶರಭ. ಚಿಕ್ಕಂದಿನಲ್ಲಿ ನಾನು ಅದನ್ನು ಸೊಂಡಿಲು ಇರೋ ನಾಯಿ ಅಂದುಕೊಂಡಿದ್ದೆ.

ತುಮಕೂರಿನ ಬಾಡಿಗೆ ಮನೆಯಲ್ಲಿ ನಮಗೆಲ್ಲ ಕೆಂಪು ಸೋಪು. ಗಂಧದ ಸೋಪು ನೆಂಟರಿಗೆ. ಅದರಲ್ಲೂ ದರ್ಜೆ ನೋಡಿ ನೆಂಟರಿಗೆ. ಅಪ್ಪ ಯುಗಾದಿ ಹೊತ್ತಿಗೆ ಮೂರು ತಂದು, ಪೊಟ್ಟಣ ಬಿಚ್ಚಿ, ಬೀರುವಿನ ಮೇಲೆ ಪೇಪರ್ ಹಾಸಿ ಒಣಗಲು ಇಡುತ್ತಿದ್ದರು. ಒಣಗಿದ ಸೋಪು ಬೇಗ ಕರಗಲ್ಲ ಅನ್ನೋದು ಅವರ ಸಿದ್ಧಾಂತ. ಆರು ತಿಂಗಳಾದರೆ ಅದು ಕಲ್ಲು. ತಲೆಗೆ ಬಿದ್ದರೆ ಆಸ್ಪತ್ರೆ. ಖಾಲಿ ಪೊಟ್ಟಣ ಅಮ್ಮನ ರೇಷ್ಮೆ ಸೀರೆಗಳ ಮಧ್ಯೆ ಹೋಗುತ್ತಿತ್ತು.

ಅಕ್ಕನ ಮದುವೆಯಾದ ವರ್ಷ, ಅಳಿಯನ ಮೊದಲ ದೀಪಾವಳಿ. ಭಾವ ಸಂಜೆ ಬಸ್ಸಿಗೆ ಬಂದರು. ಅಪ್ಪ ಬೀರು ಮೇಲಿಂದ ಒಂದು ಸೋಪು ಇಳಿಸಿ, ಒರೆಸಿ, ಹೊಸ ಸೋಪಿನ ಡಬ್ಬಿಯಲ್ಲಿ ಕೂರಿಸಿ ಬಚ್ಚಲ ಗೂಡಿನಲ್ಲಿ ಇಟ್ಟರು. ಯಾರೂ ಮುಟ್ಟಕೂಡದು ಅಂತ ನಮಗೆ ಮೂರು ಸಲ ಹೇಳಿದರು. ಚಿಕ್ಕಪ್ಪನಿಗೆ ಹೇಳಲಿಲ್ಲ. ಚಿಕ್ಕಪ್ಪ ರಾತ್ರಿ ಹನ್ನೊಂದಕ್ಕೆ ಹೇಳದೆ ಕೇಳದೆ ಬಂದವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹಂಡೆಯಲ್ಲಿ ಬಿಸಿನೀರು ನೋಡಿ, ಎಣ್ಣೆ ಹಚ್ಚಿಕೊಂಡು, ಸೀಗೇಕಾಯಿಯೂ ಬೇಡ ಏನೂ ಬೇಡ ಅಂತ ತಲೆಗೂ ಮೈಗೂ ಅದೇ ಸೋಪು ತಿಕ್ಕಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅಪ್ಪ ಸಹಿಸುತ್ತಿದ್ದರೋ ಏನೋ. ಬನಿಯನ್ನೂ ಒಗೆದಿದ್ದರು. ಅದು ಹಿತ್ತಲ ತಂತಿಯ ಮೇಲೆ ಗಮಗಮ ಅನ್ನುತ್ತಿತ್ತು.

ಅಪ್ಪ ಬಚ್ಚಲಿನಿಂದ ಸೋಪು ಹಿಡಿದುಕೊಂಡು ಬಂದರು. ಮುಖ ನೋಡೋ ಹಾಗಿರಲಿಲ್ಲ. ‘ಅಕ್ಷರ ಹೋಗಿದೆ’ ಅಂದರು, ಹಾವು ಕಂಡವರ ಹಾಗೆ. ಸೋಪಿನ ಮೇಲೆ ಒತ್ತಿದ್ದ ಅಕ್ಷರ ಅರ್ಧಕ್ಕರ್ಧ ಸವೆದಿತ್ತು. ಬಳಸಿದ ಸೋಪನ್ನು ಅಳಿಯನಿಗೆ ಕೊಡೋದು ಹೇಗೆ? ಬೀರು ಮೇಲೆ ಇನ್ನೆರಡು ಇವೆಯಲ್ಲಾ, ಕೊಡಿ ಅಂದಳು ಅಮ್ಮ. ‘ಅದು ಸಂಕ್ರಾಂತಿದು’ ಅಂದರು ಅಪ್ಪ. ಸಂಕ್ರಾಂತಿಗೆ ಯಾರು ಬರುತ್ತಾರೆ ಅಂತ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಅವರು ಮಾಡಿದ ಕೆಲಸ ನಾನು ಕಣ್ಣಾರೆ ನೋಡಿದ್ದು, ನಂಬೋದು ಬಿಡೋದು ನಿಮಗೆ ಸೇರಿದ್ದು. ನನ್ನ ಕಂಪಾಸ್ ಬಾಕ್ಸಿನಿಂದ ಕೈವಾರ ತೆಗೆದುಕೊಂಡು, ಅಡುಗೆಮನೆಯ ನಲವತ್ತರ ಬಲ್ಬಿನ ಕೆಳಗೆ ಮಣೆ ಹಾಕಿಕೊಂಡು ಕೂತು, ಅದರ ಮೊನೆಯಿಂದ ಒಂದೊಂದೇ ಅಕ್ಷರ ಮತ್ತೆ ಕೆತ್ತಿದರು. ಕನ್ನಡಕ ಮೂಗಿನ ತುದಿಗೆ, ನಾಲಿಗೆ ಹಲ್ಲಿನ ಮಧ್ಯೆ. ಬಿದ್ದ ಸೋಪಿನ ಪುಡಿ ಚೆಲ್ಲಬಾರದು ಅಂತ ಕೆಳಗೆ ತಟ್ಟೆ ಬೇರೆ. ಚಿಕ್ಕಪ್ಪ ಪಕ್ಕದಲ್ಲೇ ಕಾಫಿ ಹೀರುತ್ತ, ‘ಅಣ್ಣಾ, ಕೈ ಕುದುರಿದೆ ನಿಂಗೆ, ಸ್ಟೋನ್ ಕಟಿಂಗ್ ಕಲಿಬಹುದಿತ್ತು’ ಅಂದರು. ಅಪ್ಪ ಅವರ ಜೊತೆ ಬಲಿಪಾಡ್ಯಮಿವರೆಗೆ ಮಾತಾಡಲಿಲ್ಲ.

ಭಾವ ಸ್ನಾನ ಮಾಡಿ ಬಂದರು, ಏನೂ ಹೇಳಲಿಲ್ಲ. ಹದಿನೆಂಟು ವರ್ಷ ಏನೂ ಹೇಳಲಿಲ್ಲ. ಅಪ್ಪನ ವೈಕುಂಠ ಸಮಾರಾಧನೆ ದಿನ, ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವಾಗ ನನ್ನ ಕಿವಿ ಹತ್ತಿರ ಬಂದು, ‘ಅವತ್ತಿನ ಸೋಪಿನಲ್ಲಿ ಒಂದು ಅಕ್ಷರ ಉಲ್ಟಾ ಇತ್ತು ಕಣೋ’ ಅಂದರು. ಡೂಪ್ಲಿಕೇಟ್ ಸೋಪು ತಂದಿದ್ದಾರೆ ನಮ್ಮ ಮಾವ ಅಂತ ಅಷ್ಟು ವರ್ಷ ಅಂದುಕೊಂಡೇ ಇದ್ದರಂತೆ. ನಿಜ ಹೇಳಿದೆ. ಇಬ್ಬರೂ ನಕ್ಕಿದ್ದು ಜಾಸ್ತಿಯಾಗಿ ಪುರೋಹಿತರು ತಿರುಗಿ ನೋಡಿದರು.

ಎಲ್ಲಿದ್ದೆ? ಹ್ಞಾಂ, ನೂರು ವರ್ಷ.

ಹಳೆಯ ಅಂಗಡಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವುಗಳ ಬಗ್ಗೆ ಗೋಳಾಡುವವರ ಮೇಲಿದೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕ್ಯೂ ನಿಂತು, ದೋಸೆ ಬಂದ ಮೇಲೆ ತಿನ್ನದೆ ನಾಲ್ಕು ಕೋನದಿಂದ ಫೋಟೋ ಹೊಡೆಯುತ್ತಾರೆ. ದೋಸೆ ತಣ್ಣಗಾಗುತ್ತೆ, ಹಿಂದೆ ಜಾಗಕ್ಕೆ ಕಾಯುತ್ತ ನಿಂತ ನನ್ನ ತಲೆ ಬಿಸಿಯಾಗುತ್ತೆ. ಆಮೇಲೆ ‘ನೂರು ವರ್ಷವಾದರೂ ಅದೇ ರುಚಿ’ ಅಂತ ಬರೆಯುತ್ತಾರೆ. ಸ್ವಾಮಿ, ನೂರು ವರ್ಷದ ಹಿಂದೆ ನೀವು ತಿಂದಿದ್ರಾ? ಇನ್ನು ಯಾವುದಾದರೂ ಹಳೇ ಅಂಗಡಿ ಮುಚ್ಚಿದರೆ ಊರೆಲ್ಲ ಕಣ್ಣೀರು. ತೆರೆದಿದ್ದಾಗ ಕೊನೇ ಸಲ ಹೋಗಿದ್ದು ಯಾವಾಗ ಅಂತ ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ನಾನೂ ಹಾಗೇ. ಪೇಟೆ ಬೀದಿಯ ಒಂದು ಗ್ರಂಥಿಗೆ ಅಂಗಡಿ ಮುಚ್ಚಿತು ಅಂತ ಸ್ಟೇಟಸ್ಸಿನಲ್ಲಿ ಮೂರು ದಿನ ಅತ್ತೆ. ಆ ಅಂಗಡಿ ಮೆಟ್ಟಿಲು ಹತ್ತಿ ಹನ್ನೊಂದು ವರ್ಷವಾಗಿತ್ತು. ಅಳಲೇಕಾಯಿ ಆನ್‌ಲೈನಲ್ಲಿ ತರಿಸಿದ್ದೆ.

ಸೋಪಿನ ಕಂಪನಿಯವರು ಮಿಲೇನಿಯಂ ಅಂತ ಒಂದು ಮಾಡಿದ್ದಾರೆ, ಒಂದಕ್ಕೇ ನೂರಾರು ರೂಪಾಯಿ. ಅಪ್ಪ ಇದ್ದಿದ್ದರೆ ಅದನ್ನು ಒಣಗಿಸಲು ಬೀರು ಮೇಲೆ ಇಡುತ್ತಿರಲಿಲ್ಲ, ಬೀರು ಒಳಗೆ ಇಡುತ್ತಿದ್ದರು, ಲಾಕರಿನಲ್ಲಿ.

ಇವೆಲ್ಲ ನೂರು ವರ್ಷ ಹೇಗೆ ಬಾಳಿದವು ಅನ್ನೋದಕ್ಕೆ ನನ್ನ ಹತ್ತಿರ ಒಂದು ಕಾರಣ ಇದೆ. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಹೊಳೆಯಿತು. ಹಳೇ ಸೋಪಿನ ಚೂರು ಬೆರಳುಗುರಿನಷ್ಟು ಉಳಿದಿತ್ತು, ಹೊಸದಕ್ಕೆ ಒತ್ತಿ ಅಂಟಿಸುತ್ತಿದ್ದೆ. ರಾತ್ರಿ ಒದ್ದೆ ಮಾಡಿ ಅಂಟಿಸಿ ಬಿಟ್ಟರೆ ಬೆಳಿಗ್ಗೆಗೆ ಕೂತಿರುತ್ತೆ, ಅದು ಅಪ್ಪನ ಕ್ರಮ. ನಾನು ಬೆಳಿಗ್ಗೆ ಅಂಟಿಸಲು ಹೋದೆ, ಜಾರಿ ಮೋರಿಗೆ ಹೋಯಿತು. ಅದನ್ನು ಹಿಡಿಯಲು ಬಗ್ಗಿದವನಿಗೆ ಕಾರಣ ಮರೆತೇ ಹೋಯಿತು. ಬರೆಯುತ್ತ ಹೋದರೆ ನೆನಪಾಗುತ್ತೆ ಅಂತ ಕೂತೆ. ಈಗ ಒಳಗಿಂದ, ‘ಬಚ್ಚಲ ಮೋರಿ ಕಟ್ಟಿಕೊಂಡಿದೆ, ಏನು ಹಾಕಿದ್ರಿ?’ ಅಂತ ಕೇಳುತ್ತಿದ್ದಾರೆ.